ಸಮುದ್ರದಾಗ ಲೋಂಡಾ ಸ್ಟೇಶನ್ ಇಲ್ಲ

ದೀಪಾವಳಿ ಮುಗಿದದ್ದೇ ತಡ, ನಮ್ಮ ಖಾನಾಪುರದ ಓಣಿಯಲ್ಲಿ ಮಾಸ್ಕುಗಳೆಲ್ಲ ಗೂಟ ಸೇರಿದವು. ಒಬ್ಬಾಕೆ ಮಾಸ್ಕಿನಲ್ಲಿ ಬೆಳ್ಳುಳ್ಳಿ ಕಟ್ಟಿಟ್ಟಳು. ಎದುರು ಮನೆಯ ಸತ್ಯಪ್ಪ ತನ್ನ ಮಾಸ್ಕನ್ನು ಎಮ್ಮೆಯ ಕರುವಿನ ಬಾಯಿಗೆ ಬಿಗಿದ, ಕದ್ದು ಹಾಲು ಕುಡಿಯದಿರಲಿ ಅಂತ. ಆಮೇಲೆ ಇಡೀ ಓಣಿಯಲ್ಲಿ ಮಾಸ್ಕು ಹಾಕಿಕೊಂಡು ಓಡಾಡುವ ಪ್ರಾಣಿ ಅಂದರೆ ಆ ಕರು ಒಂದೇ.

ಯಾರನ್ನು ಕೇಳಿದರೂ, "ರೋಗ ಹೋತ್ರಿ," ಅನ್ನುತ್ತಿದ್ದರು. ಎಲ್ಲಿಗೆ ಹೋಯಿತು, ಯಾವ ಬಸ್ಸು ಹತ್ತಿತು, ಯಾವಾಗ ವಾಪಸ್ಸು ಬರುತ್ತದೆ, ಇದನ್ನು ಮಾತ್ರ ಯಾರೂ ಕೇಳಲಿಲ್ಲ.

ಅಂಥ ಹೊತ್ತಿನಲ್ಲೇ ನಮ್ಮ ತಮ್ಮಣ್ಣನ ಮನೆಗೆ ಹಡಗು ಬಂತು. ಗಾಬರಿಯಾಗಬೇಡಿ. ಮಲಪ್ರಭಾ ಹೊಳೆಯಲ್ಲಿ ತೇಲಿ ಬರಲಿಲ್ಲ, ಮೊಬೈಲಿನಲ್ಲಿ ಬಂತು.

ತಮ್ಮಣ್ಣ ನನ್ನ ಬೆನ್ನಿಗೆ ಬಿದ್ದ ತಮ್ಮ. ಇಟ್ಟಂಗಿ, ಹಂಚು ಮಾರುವವನು. ನನ್ನ ಯಜಮಾನರು ತೀರಿದ ಮೇಲೆ ನಾನು ಅವನ ಬಾಜೂ ಮನೆಯಲ್ಲೇ ಇದ್ದೇನೆ. ಅವರ ಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಚಟಪಟ ಅಂದರೂ ನನಗೆ ಗೊತ್ತಾಗುತ್ತದೆ. ಅವನ ಹೆಂಡತಿ ಕಾಂತಾ. ಮಗ ಬಸವಪ್ರಸಾದ ಬೆಳಗಾವಿಯ ಸದಾಶಿವನಗರದಲ್ಲಿ ಇರುತ್ತಾನೆ. ಅಪ್ಪ ಮನೆಯ ಮೇಲೆ ಹಾಕುವ ಹಂಚು ಮಾರಿದರೆ, ಮಗ ಮನೆಯೊಳಗೆ ಹಾಸುವ ಟೈಲ್ಸು ಮಾರುತ್ತಾನೆ. ಒಟ್ಟಿನಲ್ಲಿ ಮಂದಿಯನ್ನು ಮೇಲಿಂದಲೂ ಕೆಳಗಿಂದಲೂ ಹಿಡಿದಿದ್ದಾರೆ.

ಹಿಂದಿನ ಬೇಸಿಗೆಯಲ್ಲಿ ಆ ರೋಗ ತಮ್ಮಣ್ಣನನ್ನು ಒದ್ದೆ ಧೋತರ ಹಿಂಡಿದ ಹಾಗೆ ಹಿಂಡಿತ್ತು. ಬೆಳಗಾವಿಯ ದವಾಖಾನೆಯಲ್ಲಿ ಆಕ್ಸಿಜನ್ ನಳಿಗೆ ಹಚ್ಚಿಕೊಂಡು ಮಲಗಿದ್ದ. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಕಾಂತಾ ಎದುರಿನ ಬೇವಿನ ಗಿಡದ ಕೆಳಗೆ ಕೂತಳು. ಎಷ್ಟು ದಿನ ಕೂತಳೆಂದರೆ ಗಿಡಕ್ಕೇ ಅವಳ ಗುರುತು ಹತ್ತಿ, ಅವಳು ಸರಿದ ಕಡೆ ನೆರಳು ಸರಿಯುತ್ತಿತ್ತು. ಕೊನೆಗೆ ಗಂಡನನ್ನು ಮನೆಗೆ ಕರೆದುಕೊಂಡೇ ಬಂದಳು. ಅವನು ಬದುಕಿದ. ಆದರೆ ಎದೆ ಮೊದಲಿನ ಹಾಗೆ ಆಗಲಿಲ್ಲ. ನಾಲ್ಕು ಪಾವಟಿಗೆ ಹತ್ತಿದರೆ ಐದನೆಯದರ ಮೇಲೆ ಕೂತುಬಿಡುತ್ತಿದ್ದ.

ಒಂದು ರವಿವಾರ ಬಸವಪ್ರಸಾದ ಬಂದು ಮೊಬೈಲನ್ನು ತಾಯಿಯ ಮುಂದೆ ಹಿಡಿದ.

"ಅವ್ವಾ, ನೋಡಿಲ್ಲೆ. ಮುಂಬಯಿದಾಗ ಹತ್ತೂದು, ಲಕ್ಷದ್ವೀಪಕ್ಕ ಹೋಗಿ ಬರೂದು. ಸಂಕ್ರಮಣದ ಹೊತ್ತಿಗೆ ಹೊಂಡತೈತಿ. ನಿಮ್ಮ ಲಗ್ನಾಗಿ ನಲವತ್ತ ವರ್ಷ ಆತು. ಒಂದ ಸಲಾನರೆ ನೀವಿಬ್ಬರು ಎಲ್ಯರೆ ಹೋಗೀರೇನು?"

"ಯಾಕ ಹೋಗಿಲ್ಲ?" ಅಂದ ತಮ್ಮಣ್ಣ. "ಯಲ್ಲಮ್ಮನ ಗುಡ್ಡಕ್ಕ ಕರಕೊಂಡ ಹೋಗಿದ್ನಲ್ಲ."

"ಹೋಗಿದ್ವಿ. ಇಟ್ಟಂಗಿ ಲಾರಿಯೊಳಗ," ಅಂದಳು ಕಾಂತಾ. "ಬರೂ ಮುಂದ ಮೈಯೆಲ್ಲಾ ಕೆಂಪ ಧೂಳಿ. ದೇವೀನ ಮೈಮ್ಯಾಲ ಬಂದಾಳಂತ ಮಂದಿ ಕೈ ಮುಗದ್ರು."

ನಾನೂ ಚಸ್ಮಾ ಹಾಕಿಕೊಂಡು ಬಗ್ಗಿ ನೋಡಿದೆ. ಏನು ಹಡಗು ಅಂತೀರಿ! ನಮ್ಮ ಖಾನಾಪುರದ ಬಸ್ ಸ್ಟ್ಯಾಂಡು, ಕಚೇರಿ, ಸಂತೆ ಎಲ್ಲ ತಂದು ಅದರ ಮೇಲಿಟ್ಟರೂ ನಂದಗಡದ ಮಂದಿಗೆ ಕೂಡಲು ಜಾಗ ಉಳಿಯುತ್ತದೆ. ಅದರೊಳಗೆ ಈಜುವ ಕೆರೆ, ನಾಟಕದ ಹಾಲು, ಅಂಗಡಿ ಸಾಲು. ಊಟದ ಮೇಜು ಎಷ್ಟು ಉದ್ದ ಅಂದರೆ, ಈ ತುದಿಯಲ್ಲಿ ಉಪ್ಪು ಬಡಿಸಿಕೊಂಡವರು ಆ ತುದಿಯಲ್ಲಿ ಅನ್ನ ಸಿಗುವಷ್ಟರಲ್ಲಿ ಮುದುಕರಾಗುತ್ತಾರೆ. ನೀರಿನ ಮೇಲೆ ಊರು ಕಟ್ಟಿದ ಆ ಪುಣ್ಯಾತ್ಮರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

"ಈಗ ಅರ್ಧ ರೇಟಿಗೆ ಸಿಗತೈತಿ," ಅಂದ ಬಸವಪ್ರಸಾದ. "ಜಲ್ದಿ ಬುಕ್ ಮಾಡಬೇಕಷ್ಟ. ಪದ್ಮತ್ತಿ, ನೀನೂ ಬಾ."

"ನಾ ಹತ್ತಿದ್ರ ನಿನ್ನ ಹಡಗ ಒಂದ ಬಾಜೂಕ ವಾಲತೈತಿ ಮಗನ," ಅಂದೆ. "ಆಮ್ಯಾಲ ಆ ಕಡೆಗೆ ನಾಕ ಲಾರಿ ಇಟ್ಟಂಗಿ ಹೇರಬೇಕಾಕ್ಕತಿ."

ಕಾಂತಾ ನಕ್ಕಳು. ಬಾಯಿಗೆ ಸೆರಗು ಹಚ್ಚಿಕೊಂಡು, ಭುಜ ಕುಣಿಸುತ್ತ ನಕ್ಕಳು. ತಮ್ಮಣ್ಣ ಹಡಗನ್ನು ಬಿಟ್ಟು ಹೆಂಡತಿಯನ್ನೇ ನೋಡುತ್ತಿದ್ದ. ನೋಡಿ ನೋಡಿ ಅಂದ, "ಬುಕ್ ಮಾಡಪಾ ಪ್ರಸಾದ. ಹೋಗೂಣು."

ಮುಂದೆ ಏನಾಯಿತೆಂದರೆ, ಕಾಂತಾಗೆ ಆ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಟಿಕೆಟು ಇನ್ನೂ ತೆಗೆದಿರಲಿಲ್ಲ, ಆಗಲೇ ಓಣಿಗೆಲ್ಲ ಸುದ್ದಿ. ದೂರದ ಪ್ರಯಾಣಕ್ಕೆ ಹೊರಟ ಮುತ್ತೈದೆಗೆ ಉಡಿ ತುಂಬುವುದು ನಮ್ಮಲ್ಲಿ ರೂಢಿ. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ-ಅಡಿಕೆ ಸೆರಗಿಗೆ ಹಾಕಿ, ಸುಖವಾಗಿ ಹೋಗಿ ತಿರುಗಿ ಬಾ ಅಂತ ಕಳಿಸುವುದು. ಒಂದು ಶುಕ್ರವಾರ ಹೆಂಗಸರೆಲ್ಲ ಬಂದೇ ಬಿಟ್ಟರು. ಪಡಸಾಲೆ ತುಂಬಿತು, ಅಡುಗೆ ಮನೆ ತುಂಬಿತು, ಹಿತ್ತಿಲ ಬಾಗಿಲಲ್ಲೂ ಇಬ್ಬರು ಸಿಕ್ಕಿಕೊಂಡರು. ಗಾಳಿ ಒಳಗೆ ಬರಲು ಪಾಳಿ ಹಚ್ಚಿ ನಿಲ್ಲಬೇಕಿತ್ತು. ನಡುವೆ ಒಬ್ಬಾಕೆ ಖಣಖಣ ಕೆಮ್ಮುತ್ತ, "ಏನಿಲ್ರಿ, ಒಗ್ಗರಣಿ ಘಾಟು," ಅನ್ನುತ್ತಿದ್ದಳು. ಆ ಹೊತ್ತಿನಲ್ಲಿ ಯಾರ ಮನೆಯಲ್ಲೂ ಒಲೆ ಹಚ್ಚಿರಲಿಲ್ಲ.

ಅಷ್ಟರಲ್ಲಿ ಶೀತಲ ಬಂದಳು. ಶೀತಲ ನಮ್ಮ ಓಣಿಯ ಕೊನೆಯ ಮನೆಯ ಹುಡುಗಿ, ದವಾಖಾನೆಯಲ್ಲಿ ನರ್ಸು. ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಅವಳು ಇಲ್ಲಿ ನಕ್ಕರೆ ಅಲ್ಲಿ ಬೆಳಗಾವಿಯ ಹಿಂಡಲಗಾ ಜೇಲಿನಲ್ಲಿ ಮಲಗಿದ ಕೈದಿಗಳು ಎದ್ದು ಕೂಡುತ್ತಾರೆ. ತಮ್ಮಣ್ಣ ಆಸ್ಪತ್ರೆಯಲ್ಲಿದ್ದಾಗ ಡಾಕ್ಟರ ಮಾತನ್ನೆಲ್ಲ ಕಾಂತಾಗೆ ಬಿಡಿಸಿ ಹೇಳಿದವಳು ಅವಳೇ. ಬಂದವಳು ಹೊಸಲಿನಾಚೆಯೇ ನಿಂತು, ಕೈ ಚಾಚಿ ಪಡಸಾಲೆಯ ಕಿಟಕಿಗಳನ್ನು ಧಡಧಡ ತೆರೆದಳು.

"ಕಾಕಿ, ಹಡಗ ಹತ್ತೂಕಿಂತ ಮೊದಲ ಮನೀನ ಹಡಗ ಮಾಡೀರಲ್ಲ!"

"ಬಾ ಶೀತಲ, ಒಳಗ ಬಾ. ನೀನೂ ಉಡಿ ತುಂಬು."

"ತುಂಬತೇನಿ, ಮಂದಿ ಕರಗಲಿ." ಮಂದಿ ಕರಗಿದ ಮೇಲೆ ಕಟ್ಟೆಯ ಮೇಲೆ ಕೂತು ಅವಳು ಹಡಗಿನ ವಿಡಿಯೋ ನೋಡಿದಳು. "ಭಾಳ ಚಂದ ಐತಿ ಕಾಕಿ. ನನಗೂ ಹೋಗಬೇಕನಸ್ತೈತಿ. ಆದ್ರ ಕಾಕಾರ ಎದಿ ಈಗ ಹೆಂಗೈತಿ?"

ತಮ್ಮಣ್ಣ ಎದೆ ಉಬ್ಬಿಸಿದ. "ನನಗೇನಾಗೇತಿ? ಒಮ್ಮಿ ಬಂದ ಹೋಗೇತಿ. ಎರಡೂ ಸೂಜಿ ಹಾಕಿಸ್ಕೊಂಡೇನಿ. ಇನ್ನ ಆ ರೋಗ ನನ್ನ ಕಂಡ್ರ ನಮಸ್ಕಾರ ಸಾವ್ಕಾರ ಅಂದ ಆ ಓಣಿ ಹಿಡದ ಹೋಗತೈತಿ."

"ಸೂಜಿ ಹಾಕಿಸ್ಕೊಂಡಿದ್ದು ಚಲೋ ಮಾಡೀರಿ. ಹಾಕಿಸ್ಕೊಂಡವ್ರಿಗೆ ಜೋರ ಆಗೂದು ಭಾಳ ಕಡಿಮಿ. ಆದ್ರ ಬರಂಗ ಇಲ್ಲ ಅಂತಲ್ಲ ಕಾಕಾ. ಒಮ್ಮಿ ಬಂದವ್ರಿಗೂ ಮತ್ತ ಬರತೈತಿ. ವಯಸ್ಸಾದವ್ರು, ಎದಿ ಸೋತವ್ರು, ಸಕ್ಕರಿ ಬ್ಯಾನಿ ಇದ್ದವ್ರು ಹುಷಾರ ಇರಬೇಕು. ಹೊರದೇಶದಾಗ ಹೊಸಾ ನಮೂನಿ ಒಂದು ಎದ್ದೈತಂತ, ಭಾಳ ಜಲ್ದಿ ಹಬ್ಬತೈತಂತ."

"ಹತ್ತೂಕಿಂತ ಮೊದಲ ಎಲ್ಲಾರ ಮೂಗ ತಪಾಸ ಮಾಡ್ತಾರ. ಪ್ರಸಾದ ಹೇಳ್ಯಾನ."

"ಮಾಡ್ತಾರ. ಆದ್ರ ಇವತ್ತ ಮೂಗಿನಾಗ ಸಿಗದಿದ್ದದ್ದು ಎರಡ ದಿನ ಬಿಟ್ಟ ಸಿಗಬಹುದು. ಅಷ್ಟೊತ್ತಿಗೆ ನೀವು ನಡು ನೀರಾಗ. ಸಾವಿರಾರು ಮಂದಿಗೆ ಒಂದ ಊಟದ ಹಾಲು, ಒಂದ ನಾಟಕದ ಹಾಲು. ಒಬ್ಬರ ಉಸಿರ ಇನ್ನೊಬ್ಬರ ಮೂಗಿಗೆ."

ತಮ್ಮಣ್ಣ ಕೈ ಝಾಡಿಸಿದ. "ಇಷ್ಟಽ ಹೌದಲ್ಲ? ಯಾರಿಗರೆ ರೋಗ ಬಂತಂದ್ರ ನಾವು ನಡುವ ಇಳದ ಬಂದಬಿಡತೇವಿ. ಲೋಂಡಾದಾಗ ಇಳದಂಗ."

ಇದನ್ನು ನಾನು ಸ್ವಲ್ಪ ಬಿಡಿಸಿ ಹೇಳಬೇಕು. ಗೋವಾ ಕಡೆಗೆ ಹೋಗುವ ರೈಲಿನಲ್ಲಿ ಖಾನಾಪುರ ದಾಟಿದರೆ ಮುಂದೆ ಲೋಂಡಾ ಜಂಕ್ಷನ್ ಬರುತ್ತದೆ. ನಮ್ಮ ಮಂದಿಗೆ ಲೋಂಡಾ ಅಂದರೆ ದೊಡ್ಡ ಧೈರ್ಯ. ಗಾಡಿಯಲ್ಲಿ ಗದ್ದಲ ಆಯಿತೇ, ಲೋಂಡಾದಲ್ಲಿ ಇಳಿ. ಮನಸ್ಸು ಬದಲಾಯಿತೇ, ಲೋಂಡಾದಲ್ಲಿ ಇಳಿ. ಒಂದು ಚಾ ಕುಡಿ, ಎದುರು ಗಾಡಿ ಹಿಡಿ, ಮನೆಗೆ ಬಾ. ನಮ್ಮ ತಮ್ಮಣ್ಣನಂತೂ ಇದರಲ್ಲಿ ಪಂಡಿತ. ಒಮ್ಮೆ ಮಡಗಾವಿಗೆ ಮದುವೆಗೆ ಹೊರಟವನು, ಲಗ್ನಪತ್ರಿಕೆಯಲ್ಲಿ ತನ್ನ ಹೆಸರು ಕೆಳಗೆ ಹಾಕಿದ್ದಾರೆ ಅಂತ ಗಾಡಿಯಲ್ಲಿ ಓದಿ, ಲೋಂಡಾದಲ್ಲಿ ಇಳಿದು ಉಡುಗೊರೆಗೆ ಒಯ್ದ ಆಹೇರಿಯ ಸಮೇತ ವಾಪಸ್ಸು ಬಂದಿದ್ದ. ಅವನ ಅರ್ಧ ಪ್ರವಾಸಗಳು ಲೋಂಡಾದ ಚಹಾದಂಗಡಿಯಲ್ಲೇ ಮುಗಿದಿವೆ.

ಎಲ್ಲರೂ ನಕ್ಕೆವು. ಶೀತಲ ಮಾತ್ರ ನಗಲಿಲ್ಲ.

"ಕಾಕಾ," ಅಂದಳು, "ಸಮುದ್ರದಾಗ ಲೋಂಡಾ ಸ್ಟೇಶನ್ ಇಲ್ಲ."

ನಗು ನಿಂತಿತು.

"ಬಸ್ಸಿನಾಗ ಕಂಡಕ್ಟರಗ ಹೇಳಿ ಇಳೀಬಹುದು. ರೈಲಿನಾಗ ಮುಂದಿನ ಸ್ಟೇಶನ್ನಿಗೆ ಇಳೀಬಹುದು. ಹಡಗಿನಾಗ ರೋಗ ಬಂತಂದ್ರ, ಬಂದರದವ್ರು ಹೂಂ ಅನ್ನೂತನಕ ಯಾರನ್ನೂ ಇಳಸಂಗಿಲ್ಲ. ಹಡಗ ದಂಡಿಗೆ ನಿಂತಿದ್ರೂ, ಕಣ್ಣಿಗೆ ನೆಲಾ ಕಂಡ್ರೂ, ಒಳಗ ಕುಂದರಬೇಕು. ಹೋದ ವರ್ಷ ಜಗತ್ತಿನಾಗ ಹಂಗ ಎಷ್ಟೋ ಹಡಗ ನಿಂತ ಬಿಟ್ಟಿದ್ವು, ಟೀವಿ ತುಂಬ ಅದ ಇತ್ತು."

ತಮ್ಮಣ್ಣ ಮೀಸೆ ತೀಡಿದ. ಕಾಂತಾಗೆ ಮಾತ್ರ ಸಿಟ್ಟು ಬಂತು. ಉಡಿಯ ಅಕ್ಕಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಅಂದಳು, "ಶೀತಲ, ನೀ ದಿನಾ ಬ್ಯಾನಿ ನೋಡಿ ನೋಡಿ ನಿನಗ ಎಲ್ಲಾ ಕಡೆ ಬ್ಯಾನೀನ ಕಾಣತೈತಿ ನೋಡ. ನನ್ನ ಆಯುಷ್ಯದಾಗ ಇದೊಂದ ಕೇಳೇನಿ. ಲಾರಿ ಧೂಳಿ ಬಿಟ್ಟು, ಒಲಿ ಹೊಗಿ ಬಿಟ್ಟು, ಆ ದವಾಖಾನಿ ಗಿಡದ ನೆರಳ ಬಿಟ್ಟು, ನಾಕ ದಿನ ಸುಮ್ಮನ ನೀರ ನೋಡಕೋತ ಕುಂದರಬೇಕು ಅಂದೇನಿ. ಅದೂ ಬ್ಯಾಡೇನು?"

ಶೀತಲ ಎದ್ದು ಬಂದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಬ್ಯಾಡ ಅನ್ನಾಕ ನಾ ಯಾರ ಕಾಕಿ? ಹೋಗೂವ್ರು ನೀವು. ಟಿಕೆಟ್ ತಗಿಯೂಕಿಂತ ಮೊದಲ ನೀವ ಒಂದ ಫೋನ ಮಾಡ್ರಿ. ಹಡಗಿನಾಗ ಯಾರಿಗರೆ ರೋಗ ಬಂದ್ರ ಉಳದವ್ರನ್ನ ಏನ ಮಾಡ್ತೀರಿ, ಕೇಳ್ರಿ. ಕಾಕಾಗ ಉಸಿರ ಹಿಡದ್ರ ಎಲ್ಲಿಗೆ ಒಯ್ತೀರಿ, ಕೇಳ್ರಿ. ನಾವು ಬರಾಕ ಆಗಲಿಲ್ಲಂದ್ರ ತಾರೀಖ ಮುಂದ ಹಾಕತೀರೇನು, ಅದನ್ನೂ ಕೇಳ್ರಿ. ಕೇಳಿ ಹೋಗ್ರಿ, ಇಲ್ಲಾ ಬಿಡ್ರಿ. ಕೇಳದ ಮಾತ್ರ ಹೋಗಬ್ಯಾಡ್ರಿ."

ಹುಡುಗಿಯ ಮಾತು ಕೇಳಿ ನನಗೆ ಭಾರೀ ಖುಷಿಯಾಯಿತು. ಹೆದರಿಸಿದರೆ ಮಂದಿ ಎದುರು ಬೀಳುತ್ತಾರೆ. ಕೇಳಿ ನೋಡಿ ಅಂದರೆ ಯೋಚನೆಗೆ ಬೀಳುತ್ತಾರೆ. ನನ್ನ ಕೈಯಲ್ಲಿ ಅಧಿಕಾರ ಇದ್ದಿದ್ದರೆ ಅವಳನ್ನು ಅವತ್ತೇ ಕಲೆಕ್ಟರ್ ಮಾಡುತ್ತಿದ್ದೆ.

ಟಿಕೆಟು ತೆಗೆಸಲು ಮುಂದಿನ ರವಿವಾರ ಮೂವರೂ ಸದಾಶಿವನಗರಕ್ಕೆ ಹೋದೆವು. ನನ್ನನ್ನು ಯಾರೂ ಕರೆದಿರಲಿಲ್ಲ, ನಾನೇ ಕಾರಿನಲ್ಲಿ ಮೊದಲು ಹೋಗಿ ಕೂತೆ. ಸೊಸೆ ಸಾಕ್ಷಿ ಚಾ ಕೊಟ್ಟಳು. ಬಸವಪ್ರಸಾದ ಹಡಗಿನ ಆಫೀಸಿಗೆ ಫೋನ್ ಹಚ್ಚಿ ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟ. ಆ ಕಡೆಯ ಹುಡುಗಿ ಇಂಗ್ಲಿಷಿನಲ್ಲಿ ಜೇನುತುಪ್ಪ ಸುರಿದಳು. ಇವನೂ "ಎಸ್ ಎಸ್" ಅಂದ. ಅವಳು ಇನ್ನಷ್ಟು ಸುರಿದಳು. ಇವನು ಇನ್ನೂ ನಾಲ್ಕು ಸಲ "ಎಸ್" ಅಂದ.

"ಇತ್ತ ತಾ," ಅಂದಳು ಕಾಂತಾ. ಫೋನು ಎತ್ತಿಕೊಂಡು ಮರಾಠಿಯಲ್ಲಿ ಸುರು ಮಾಡಿದಳು. ಖಾನಾಪುರದವರಿಗೆ ಮರಾಠಿ ಏನು ಹೊಸದೇ? ಸಂತೆಯಲ್ಲಿ ಮೆಣಸಿನಕಾಯಿ ಕೊಳ್ಳುವ ಹಾಗೆ ಒಂದೊಂದೇ ಮಾತು ಮುರಿದು, ಮೂಸಿ, ಕೇಳಿದಳು. ಮುಂಬಯಿಯ ಹುಡುಗಿಯೂ ಮರಾಠಿಯವಳೇ. ಚಿಕ್ಕಮ್ಮನಿಗೆ ಅನ್ನುವ ಹಾಗೆ "ಮಾವಶಿ" ಅಂತ ಕರೆದು, ಅವಳೂ ಮುಚ್ಚುಮರೆ ಇಲ್ಲದೆ ಹೇಳಿದಳು. ಪಾಪ, ಖರೇ ಮಾತಿನ ಹುಡುಗಿ.

ಹಡಗಿನಲ್ಲಿ ಒಬ್ಬ ಡಾಕ್ಟರು, ಒಂದು ಸಣ್ಣ ದವಾಖಾನೆ ಇದೆ. ದೊಡ್ಡ ಬೇನೆ ಬಂದರೆ ನೆಲಕ್ಕೇ ಬರಬೇಕು. ಯಾವಾಗ ಬರಬಹುದು ಅನ್ನುವುದು ಹಡಗು ಎಲ್ಲಿದೆ, ಬಂದರದವರು ಏನು ಹೇಳುತ್ತಾರೆ, ಅದರ ಮೇಲೆ ಇದೆ. ಯಾರಿಗಾದರೂ ರೋಗ ಬಂದರೆ ಅವರ ಜೊತೆ ಇದ್ದವರೂ ತಮ್ಮ ತಮ್ಮ ಖೋಲಿಯಲ್ಲೇ ಇರಬೇಕು, ಊಟ ಬಾಗಿಲಿಗೆ ಬರುತ್ತದೆ. ಅರ್ಧ ರೇಟಿನ ಟಿಕೆಟಿಗೆ ತಾರೀಖು ಮುಂದೆ ಹಾಕಲು ಬರುವುದಿಲ್ಲ, ಪೂರಾ ರೇಟಿನದಕ್ಕೆ ಬರುತ್ತದೆ.

"ಖೋಲಿ ಹೆಂಗೈತಿ ಬಾಳಾ?" ಅಂತ ಮಗಳನ್ನು ಕೇಳಿದ ಹಾಗೆ ಕೇಳಿದಳು ಕಾಂತಾ.

ಅರ್ಧ ರೇಟಿನ ಖೋಲಿ ಹಡಗಿನ ಒಳಮಗ್ಗುಲಲ್ಲಿ ಇರುತ್ತದೆ. ಮಂಚ ಬಿಟ್ಟರೆ ಇಬ್ಬರು ನಿಲ್ಲುವಷ್ಟು ಜಾಗ. ಅದಕ್ಕೆ ಕಿಟಕಿ ಇಲ್ಲ.

ಕಾಂತಾ ಫೋನು ಇಟ್ಟಳು. "ನೀರ ನೋಡಾಕ ಹೊಂಟೇನಿ. ಕಿಡಕೀನ ಇಲ್ಲಂತ."

ತಮ್ಮಣ್ಣ ಸೋಲುವ ಆಳಲ್ಲ. "ಖೋಲಿಯೊಳಗ ಯಾರ ಕುಂದ್ರತಾರ? ಹೊರಗ ಅಡ್ಡ್ಯಾಡೂದು. ಇನ್ನ ಕುಂದರೂ ಪ್ರಸಂಗ ಬಂದ್ರೂ ಕುಂತರಾತು! ನಾಕ ದಿನಾ ಪೇಪರ ಓದಕೋತ ಮಲಗತೇನಿ."

ಇಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ. "ನೀನಽ? ಖೋಲಿಯೊಳಗ? ಸಂಡಾಸಕ್ಕ ಹೋದ್ರೂ ನಡುವ ಒಮ್ಮಿ ಹೊರಗ ಬಂದ ಯಾರ ಬಂದಾರ ಅಂತ ನೋಡಿ ಹೋಗಾಂವ ನೀನು!"

"ಏ, ಹೋಗ ಅಕ್ಕಾ."

"ಹಂಗಾದ್ರ ತೋರಿಸು. ಅಡಗಿ ಮನಿ ಬಾಜೂಕ ಸಾಮಾನಿನ ಖೋಲಿ ಐತಿ, ಕಿಡಕಿ ಇಲ್ಲ. ಒಳಗ ಮಂಚಾನೂ ಐತಿ. ಹೋಗಿ ಕುಂದರು. ಊಟ ಬಾಗಲಿಗೆ ತಂದಿಡತೇನಿ, ಹಡಗಿನಂಗ."

ಎಲ್ಲರಿಗೂ ಮೋಜು. ಸಾಕ್ಷಿ ಟೈಲ್ಸಿನ ಡಬ್ಬಿಗಳನ್ನು ಸರಿಸಿ ಜಾಗ ಮಾಡಿದಳು. ತಮ್ಮಣ್ಣ ಪೇಪರು ಹಿಡಿದು, ಕಪ್ತಾನನ ಹಾಗೆ ನಮಗೆಲ್ಲ ಸಲಾಮು ಹೊಡೆದು ಒಳಗೆ ಹೋದ. ನಾನೇ ಬಾಗಿಲು ಎಳೆದುಕೊಂಡೆ. "ಭೋಂ!" ಅಂತ ಹಡಗಿನ ಭೋಂಗಾ ಊದಿದೆ. ಬಸವಪ್ರಸಾದ ನಕ್ಕು ನಕ್ಕು ಸೋಫಾದ ಮೇಲೆ ಬಿದ್ದ.

ಸಾಕ್ಷಿ ಕಪ್ಪು ತೊಳೆದು ಇಡುವಷ್ಟರಲ್ಲಿ ಬಾಗಿಲು ಧಡ್ ಅಂತ ತೆರೆಯಿತು.

ನಾನು ಇನ್ನೊಂದು ಚೇಷ್ಟೆಯ ಮಾತು ನಾಲಿಗೆಯ ತುದಿಗೆ ತಂದಿದ್ದೆ. ನುಂಗಿಕೊಂಡೆ. ತಮ್ಮಣ್ಣ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಅಂಗಿಯೆಲ್ಲ ಬೆವರಿನಿಂದ ಒದ್ದೆ. ಬಾಯಿ ತೆರೆದು ಉಸಿರು ಎಳೆಯುತ್ತಿದ್ದ. ಕಾಂತಾ ಓಡಿ ಹೋಗಿ ಅವನನ್ನು ಹಿಡಿದುಕೊಂಡು ರಸ್ತೆಯ ಕಡೆಯ ಗ್ಯಾಲರಿಗೆ ತಂದು ಖುರ್ಚಿಯ ಮೇಲೆ ಕೂಡಿಸಿದಳು. ಬೆನ್ನು ತಿಕ್ಕಿದಳು. ನೀರು ಕುಡಿಸಿದಳು. ಅವನ ಮುಖಕ್ಕೆ ಬಣ್ಣ ಬರುವ ತನಕ ಸಾಕ್ಷಿ ಪೇಪರಿನಿಂದ ಗಾಳಿ ಹಾಕಿದಳು.

"ಏನಾತು?" ಅಂದಳು ಕಾಂತಾ.

"ದವಾಖಾನ್ಯಾಗ ನನ್ನ ಖೋಲಿಗೂ ಕಿಡಕಿ ಇದ್ದಿದ್ದಿಲ್ಲ," ಅಂದ ತಮ್ಮಣ್ಣ. ಧ್ವನಿ ಅವನದಲ್ಲವೇನೋ ಅನ್ನುವಷ್ಟು ಸಣ್ಣದಾಗಿತ್ತು. "ಹೊರಗ ಗಿಡದ ಕೆಳಗ ನಿನ್ನ ಹೆಂಡತಿ ಕುಂತಾಳ ಅಂತ ಹೇಳತಿದ್ರು. ನಾ ಗ್ವಾಡಿ ನೋಡಕೋತ ಬಿದ್ದಿರತಿದ್ದೆ. ಗ್ವಾಡಿ ಆ ಕಡೆ ನೀ ಅದೀ ಅಂತ ತಿಳಕೋತಿದ್ದೆ. ಅಕ್ಕ ಬಾಗಲಾ ಮುಚ್ಚಿದ್ಲು ನೋಡು, ಅದೆಲ್ಲಾ ಒಮ್ಮಿಗೇ ಬಂತು."

"ಮತ್ತ ಹಡಗಿಗೆ ಹೂಂ ಅಂತ ಯಾಕಂದ್ರಿ? ಹೆದರಿಕಿ ಇದ್ರ ಹೇಳಬಾರದಾಗಿತ್ತೇನು?"

ತಮ್ಮಣ್ಣ ಕೆಳಗೆ ರಸ್ತೆ ನೋಡುತ್ತ ಅಂದ, "ಅವತ್ತ ಹಡಗ ನೋಡಿ ನೀ ನಕ್ಕಿ. ನನ್ನ ಬ್ಯಾನಿ ಆದಾಗಿಂದ ನೀ ಹಂಗ ನಕ್ಕ ಇರಲಿಲ್ಲ. ಈಗ ಬ್ಯಾಡ ಅಂದ್ರ ಹೆಂಗ ಅಂತ ಸುಮ್ಮಾದೆ. ಹೋಗೂಣ ತಗೋ ಕಾಂತಾ. ನೀ ಊರ ತುಂಬಾ ಹೇಳೀದಿ. ಕಿಡಕಿ ಇದ್ದ ಖೋಲಿ ತಗೊಂಡ್ರಾತು."

ನಾನು ಅವಳ ಮುಖ ನೋಡುತ್ತಿದ್ದೆ. ಅವಳ ಜಾಗದಲ್ಲಿ ಇನ್ನೊಬ್ಬಾಕೆ ಇದ್ದರೆ ಕಣ್ಣೀರು ಹಾಕುತ್ತಿದ್ದಳು. ಕಾಂತಾ ಹಾಕಲಿಲ್ಲ. ಸೆರಗಿನಿಂದ ಗಂಡನ ಹಣೆ ಒರೆಸಿ, ಫೋನು ಎತ್ತಿ, ಅದೇ ಹುಡುಗಿಗೆ ಹಚ್ಚಿದಳು. ಮರಾಠಿಯಲ್ಲಿ ಅವಳು ಅಂದದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

"ಬಾಳಾ, ಖಾನಾಪುರದ ಮಾವಶಿ ಮಾತಾಡತೇನಿ. ನಿಮ್ಮ ಹಡಗ ಭಾಳ ಚಂದ ಐತಿ. ಆದ್ರ ಈಗ ಬರಂಗಿಲ್ಲ. ನಮ್ಮ ಯಜಮಾನರ ಎದಿ ಇನ್ನೂ ಸೋತೈತಿ. ಈ ರೋಗ ಪೂರಾ ಇಳೀಲಿ, ಡಾಕ್ಟರ ಹೂಂ ಅನ್ಲಿ, ಆಮ್ಯಾಲ ಪೂರಾ ರೊಕ್ಕ ಕೊಟ್ಟ ಬರತೇವಿ. ಅಲ್ಲೀತನಕ ಹಡಗ ತಿಕ್ಕಿ ತೊಳದ ಇಡ್ರಿ. ನೀನೂ ಮಾಸ್ಕ ಹಾಕ್ಕೊಂಡ ಕೆಲಸಾ ಮಾಡವ್ವಾ."

ಆ ಕಡೆಯ ಹುಡುಗಿ ನಕ್ಕು, "ನಕ್ಕೀ ಯಾ ಮಾವಶಿ," ಅಂದಳು. ಖಂಡಿತ ಬನ್ನಿ ಅಂತ.

ಹಡಗು ಹತ್ತುವುದಕ್ಕೆ ಎಷ್ಟು ಧೈರ್ಯ ಬೇಕೋ ನನಗೆ ಗೊತ್ತಿಲ್ಲ. ಮನಸ್ಸು ತುಂಬ ಆಸೆ ಇಟ್ಟುಕೊಂಡು, ಓಣಿ ತುಂಬ ಹೇಳಿಕೊಂಡು, ಆಮೇಲೆ "ಈಗ ಬೇಡ" ಅನ್ನುವುದಕ್ಕೆ ಅದರ ನೂರು ಪಾಲು ಬೇಕು. ಅವತ್ತು ಆ ಗ್ಯಾಲರಿಯಲ್ಲಿ ಕಾಂತಾ ನನಗೆ ಗುಡ್ಡದಷ್ಟು ದೊಡ್ಡವಳಾಗಿ ಕಂಡಳು. ಆದರೂ ನಾನು ಬಾಯಿ ಬಿಟ್ಟು ಹೊಗಳಲಿಲ್ಲ. ಹೊಗಳಿದರೆ ಸಾರಿಗೆ ಇನ್ನೂ ಹೆಚ್ಚು ಉಪ್ಪು ಹಾಕುತ್ತಾಳೆ.

ಊರಿಗೆ ಬಂದ ಮೇಲೆ ಉಡಿ ತುಂಬಿದ ಹೆಂಗಸರಿಗೆಲ್ಲ ಅವಳೇ ಫೋನ್ ಮಾಡಿದಳು. ಮನೆ ಮನೆಗೆ ಹೋಗಲಿಲ್ಲ. ಒಬ್ಬಾಕೆ ಕುಟುಕಿದಳಂತೆ: "ಉಡಿ ತುಂಬಿಸ್ಕೊಂಡು ಹೋಗದನ ಉಳದ್ರ ಹೆಂಗವಾ?"

"ತಿರುಗಿ ಬಾ ಅಂತ ತುಂಬಿದ್ರಿ ಹೌದಲ್ಲೋ?" ಅಂದಳು ಕಾಂತಾ. "ನಾ ಹೋಗದನ ತಿರುಗಿ ಬಂದೇನಿ. ನಿಮ್ಮ ಹರಕಿ ಜಲ್ದಿ ಮುಟ್ಟೇತಿ."

ಸಂಕ್ರಮಣದ ಹೊತ್ತಿಗೆ ರೋಗ ಖರೇನೇ ವಾಪಸ್ಸು ಬಂತು. ಅದರ ಹೊಸ ಹೆಸರು ನನ್ನ ಬಾಯಿಯಲ್ಲಿ ಹೊರಳಲಿಲ್ಲ, ನಾನು ಓಮವ್ವ ಅಂತ ಕರೆದೆ. ನಮ್ಮ ಓಣಿಯಲ್ಲೂ ಮನೆಗೊಬ್ಬರು ಮಲಗಿದರು. ಸೂಜಿ ಹಾಕಿಸಿಕೊಂಡಿದ್ದಕ್ಕೆ ಹೆಚ್ಚಿನವರು ಮನೆಯಲ್ಲೇ ಗುಣವಾದರು. ಶೀತಲ ನಿಂತಲ್ಲಿ ನಿಲ್ಲದೆ ಓಡಾಡಿದಳು. ವಯಸ್ಸಾದವರಿಗೆ ಮೂರನೆಯ ಸೂಜಿ ಬರುವ ಹೊತ್ತಿಗೆ ತಮ್ಮಣ್ಣನ ಪಾಳಿ ಯಾವಾಗ ಅಂತ ಕೇಳಿಕೊಂಡು, ತಾನೇ ಸ್ಕೂಟಿಯ ಮೇಲೆ ಕೂಡಿಸಿಕೊಂಡು ಹೋದಳು. ಅವನು ಹೋಗುವಾಗ ಹುಲಿ, ಬರುವಾಗ ಹಸು.

ಆ ಹಡಗು ಏನಾಯಿತು ಅಂತ ಕೇಳುತ್ತೀರಿ. ನನಗೆ ಗೊತ್ತಿಲ್ಲ. ಹೋಗಿದ್ದವರೆಲ್ಲ ನೆಗಡಿ ಕೂಡ ಆಗದೆ ಮಜಾ ಮಾಡಿ ಬಂದಿರಬಹುದು. ಬಂದಿರಲಿ, ಅವರಿಗೆ ಒಳ್ಳೆಯದಾಗಲಿ. ಸತ್ಯಪ್ಪನೂ ಇದನ್ನೇ ಹಿಡಿದು ಕಾಡಿದ: "ಸುಮ್ಮನ ಹೆದರಿ ಬಿಟ್ರಿ ನೋಡ್ರಿ ವೈನಿ."

"ಛತ್ರಿ ಒಯ್ದ ದಿನಾ ಎಲ್ಲಾ ಮಳಿ ಬರತೈತೇನ್ರಿ?" ಅಂದಳು ಕಾಂತಾ. "ಬರಲಿಲ್ಲಂತ ಛತ್ರಿ ಒಯ್ದಿದ್ದು ತಪ್ಪೇನು?"

ರೋಗ ಸ್ವಲ್ಪ ತಣ್ಣಗಾದ ಮೇಲೆ ಒಂದು ಮುಂಜಾನೆ ನಾವು ಮನೆಯವರಷ್ಟೇ, ನಮ್ಮದೇ ಕಾರಿನಲ್ಲಿ ಅಸೋಗಾಕ್ಕೆ ಹೋದೆವು. ಖಾನಾಪುರದಿಂದ ಕೂಗಳತೆ ದೂರ. ಮಲಪ್ರಭಾ ಅಲ್ಲಿ ಕಲ್ಲುಗಳ ನಡುವೆ ಹರಿಯುತ್ತಾಳೆ. ಮೇಲೆ ತೆರೆದ ಬಾನು, ಸುತ್ತ ಗಾಳಿ, ಬೇರೆ ಮಂದಿ ಇಲ್ಲ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು ಬಿಚ್ಚಿದೆವು. ಗಂಡ ಹೆಂಡತಿ ನೀರಿನಲ್ಲಿ ಕಾಲು ಬಿಟ್ಟುಕೊಂಡು ಕೂತರು. ನಾನು ಹಿಂದೆ ಕೂತು, ನಿದ್ದೆ ಬಂದವಳ ಹಾಗೆ ಮಾಡಿ, ಎಲ್ಲ ಕೇಳಿಸಿಕೊಂಡೆ.

"ಖರೇ ಹೇಳು," ಅಂದ ತಮ್ಮಣ್ಣ. "ಹಡಗ ತಪ್ಪಿತಂತ ಬ್ಯಾಸರ ಆತೇನು?"

"ಆತು," ಅಂದಳು ಕಾಂತಾ. "ಯಾಕಾಗಬಾರದು? ಮುಂಜಾನೆದ್ದ ಕೂಡಲೆ ಒಂದೊಂದ ದಿನ ಈಗೂ ಆಕ್ಕತಿ. ಆದ್ರ ಬ್ಯಾಸರಕ್ಕ ಆಕ್ಸಿಜನ್ ಹಚ್ಚಬೇಕಾಗಂಗಿಲ್ಲ."

ಅವನು ಸ್ವಲ್ಪ ಸರಿದು ಅವಳ ಹತ್ತಿರ ಕೂತ.

ಓದುತ್ತಿರುವ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ನಿಮಗೂ ಆಸೆ ಇರುತ್ತದೆ. ಇರಲಿ. ಹಡಗೇ ಆಗಲಿ, ವಿಮಾನವೇ ಆಗಲಿ, ತುಂಬಿದ ಬಸ್ಸಿನ ಯಾತ್ರೆಯೇ ಆಗಲಿ, ನೋಡಿ ಸಂತೋಷಪಡಿ. ಆದರೆ ರೋಗ ಹಬ್ಬಿದ ಕಾಲದಲ್ಲಿ ಟಿಕೆಟು ತೆಗೆಯುವ ಮೊದಲು ಬಾಯಿ ಬಿಟ್ಟು ಕೇಳಿ. ರೋಗ ಬಂದರೆ ಏನು, ದವಾಖಾನೆ ಎಲ್ಲಿ, ನಡುವೆ ಇಳಿಯಲು ಬರುತ್ತದೆಯೇ, ತಾರೀಖು ಮುಂದೆ ಹಾಕಲು ಬರುತ್ತದೆಯೇ. ಅರ್ಧ ರೇಟು ಅಂದವರನ್ನು ಇನ್ನರ್ಧ ಏನು ಬಿಟ್ಟಿದ್ದೀರಿ ಅಂತ ಕೇಳಿ. ಸೂಜಿಗಳನ್ನು ಹೊತ್ತಿಗೆ ಸರಿಯಾಗಿ ಹಾಕಿಸಿಕೊಳ್ಳಿ. ವಯಸ್ಸಾದವರು, ಎದೆ ಸೋತವರು, ಬಸುರಿಯರು ಮನೆಯಲ್ಲಿದ್ದರೆ ಮೊದಲು ಡಾಕ್ಟರ ಮಾತು, ಆಮೇಲೆ ಪ್ರಯಾಣ. ಹೋಗಲೇಬೇಕೆಂದರೆ ಬಯಲಿಗೆ ಹೋಗಿ, ಗಾಳಿ ಇರುವಲ್ಲಿ ಕೂಡಿ. ಕೆಮ್ಮು ಜ್ವರ ಇದ್ದರೆ ಯಾರ ಉಡಿ ತುಂಬಲೂ ಹೋಗಬೇಡಿ, ಮನೆಯಿಂದಲೇ ಹರಸಿ.

ಇನ್ನೊಂದು ಮಾತು. ನಿಮ್ಮ ಮನೆಯಲ್ಲೂ ಒಬ್ಬರು ಇರುತ್ತಾರೆ, ನಿಮ್ಮ ನಗು ಕೆಡಬಾರದು ಅಂತ ತಮ್ಮ ಹೆದರಿಕೆಯನ್ನು ನುಂಗಿಕೊಂಡು ಎಲ್ಲದಕ್ಕೂ ಹೂಂ ಅನ್ನುವವರು. ಅವರನ್ನು ಪಕ್ಕಕ್ಕೆ ಕೂಡಿಸಿಕೊಂಡು, ಕೈ ಹಿಡಿದು, "ಖರೇ ಹೇಳ್ರಿ, ಹೋಗೂದು ಬ್ಯಾಡೇನು?" ಅಂತ ಒಮ್ಮೆ ಕೇಳಿ. ಟಿಕೆಟಿನ ಫೋನು ಅದರ ನಂತರ ಮಾಡಿ.